40 ಪರ್ಸೆಂಟ್ ಸರಿ, ಯಾವುದರ ಮೇಲೆ?

ನಮ್ಮ ಮನೆಯ ಡಾಕ್ಟರಮ್ಮನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕ್ಲಿನಿಕ್ಕಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸುತ್ತಿದ್ದೀಯಂತೆ. ರೂಟ್ ಕೆನಾಲ್‌ಗೊಬ್ಬರು, ಬ್ರೇಸಸ್‌ಗೊಬ್ಬರು ಕನ್ಸಲ್ಟೆಂಟ್ ಬರುತ್ತಾರಂತೆ, ಇಬ್ಬರಿಗೂ 40 ಪರ್ಸೆಂಟ್ ಅಂತ ಮಾತಾಗಿದೆಯಂತೆ. ನಿಮ್ಮಪ್ಪ ಫೋನಿನಲ್ಲಿ ಖುಷಿಯಿಂದ ಹೇಳಿದ. ಡಾಕ್ಟರುಗಳ ಲೆಕ್ಕ ಬರೆದೇ ತಲೆ ನರೆತವನು ನಾನು. ನನಗೆ ಅದು ಅರ್ಧ ಮಾತಾಗಿ ಕೇಳಿಸಿತು. ಯಾವುದರ 40 ಪರ್ಸೆಂಟ್?

ಒಂದು ಹಲ್ಲಿನ ಲೆಕ್ಕ ಹಾಕೋಣ. ರೂಟ್ ಕೆನಾಲ್ 4,000, ಕ್ಯಾಪ್ 6,000, ಒಟ್ಟು 10,000 ರೂಪಾಯಿ. ಎರಡನ್ನೂ ಕನ್ಸಲ್ಟೆಂಟೇ ಮಾಡಿದರು ಅನ್ನು. ಪೇಷಂಟ್ ನಿಮ್ಮಪ್ಪನ ಸ್ನೇಹಿತರು, 1,000 ಬಿಟ್ಟೆ. ಕ್ಯಾಪ್ ಮಾಡಿಕೊಟ್ಟ ಲ್ಯಾಬಿಗೆ 1,800 ಕೊಟ್ಟೆ. ಪೂರ್ತಿ ಬಿಲ್ಲಿನ ಮೇಲೆ ಹಾಕಿದರೆ ಕನ್ಸಲ್ಟೆಂಟ್‌ಗೆ 4,000. ರಿಯಾಯಿತಿ ಕಳೆದು ಹಾಕಿದರೆ 3,600. ಲ್ಯಾಬಿನ ಖರ್ಚನ್ನೂ ಕಳೆದರೆ 2,880. ಮೂರೂ 40 ಪರ್ಸೆಂಟೇ. ಒಂದೇ ಹಲ್ಲಿಗೆ 1,120 ರೂಪಾಯಿ ವ್ಯತ್ಯಾಸ! ಅವರ ಮನಸ್ಸಿನಲ್ಲಿ ಮೊದಲನೆಯದು, ನಿನ್ನ ಮನಸ್ಸಿನಲ್ಲಿ ಮೂರನೆಯದು ಇದ್ದರೆ ತಿಂಗಳ ಕೊನೆಗೆ ಏನಾಗುತ್ತದೆಂದು ನಾನು ಕಣ್ಣಾರೆ ನೋಡಿದ್ದೇನೆ. ಒಂದೇ ಕಾಲೇಜಿನಲ್ಲಿ ಓದಿದ ಸ್ನೇಹಿತರು ಕೊನೆಗೆ ನನ್ನ ಮೂಲಕ ಮಾತಾಡುತ್ತಿದ್ದರು.

ನನ್ನನ್ನು ಕೇಳಿದರೆ ಲ್ಯಾಬ್ ಖರ್ಚನ್ನು ಮೊದಲೇ ಕಳೆಯಬೇಕು, ಅದು ಇಬ್ಬರ ಸಂಪಾದನೆಯೂ ಅಲ್ಲ. ರಿಯಾಯಿತಿ ಮಾತ್ರ ಬಿಟ್ಟವರ ಪಾಲಿನಿಂದಲೇ ಹೋಗಬೇಕು. ನಿಮ್ಮಪ್ಪನ ದಾಕ್ಷಿಣ್ಯಕ್ಕೆ ಕನ್ಸಲ್ಟೆಂಟ್ ಜೇಬು ಏಕೆ ಕರಗಬೇಕು? ಹಾಗೆ ಹಾಕಿದರೆ 8,200ರ ಮೇಲೆ 3,280 ಬರುತ್ತದೆ. ನೀವಿಬ್ಬರೂ ಬೇರೆ ರೀತಿ ಒಪ್ಪಿಕೊಂಡರೂ ಅಡ್ಡಿಯಿಲ್ಲ, ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ. ಆಮೇಲೆ ಸಾಫ್ಟ್‌ವೇರ್ ಸೆಟ್ಟಿಂಗ್. ಎಷ್ಟೋ ಕಡೆ ಇದು ಉಲ್ಟಾ ನಡೆಯುತ್ತದೆ: ಸೆಟ್ಟಿಂಗ್ ಹೇಗಿದೆಯೋ ಅದೇ ಒಪ್ಪಂದ ಆಗಿಬಿಡುತ್ತದೆ, ಅದನ್ನು ಮಾಡಿದ್ದು ಇನ್ಸ್ಟಾಲ್ ಮಾಡಲು ಬಂದ ಹುಡುಗ.

ಬ್ರೇಸಸ್ ಇನ್ನೂ ತೊಡಕಿನದು. 40,000ದ ಪ್ಯಾಕೇಜು, ಕೈಗೆ ಬಂದ ಮುಂಗಡ 10,000, ಉಳಿದದ್ದು ತಿಂಗಳಿಗೆ 2,000ದಂತೆ. ಬಿಲ್ ಆದ ಕೂಡಲೇ ಪಾಲು ಹಾಕುವಂತೆ ಸೆಟ್ಟಿಂಗ್ ಇದ್ದರೆ ಮೊದಲ ತಿಂಗಳೇ 16,000 ಕೊಡಬೇಕಾಗುತ್ತದೆ. ಮಿಕ್ಕ 6,000 ನಿನ್ನ ಗಂಟಿನಿಂದ. ಬ್ರೇಸಸ್ ಹಾಕಿಸಿಕೊಂಡ ಹುಡುಗ ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋಗಿ ತಂತಿ ಬಿಗಿ ಮಾಡಿಸಲು ಬರದೇ ಹೋದರೆ ಯಾರನ್ನು ಕೇಳುತ್ತೀ? ಪಾಲು ವಸೂಲಾದ ಹಣದ ಮೇಲಿರಲಿ. ಕ್ಯಾಪ್ ಒಡೆದು ಮತ್ತೆ ಮಾಡಿಕೊಡಬೇಕಾಗಿ ಬಂದಾಗ ಎರಡನೇ ಸಲದ ಲ್ಯಾಬ್ ಬಿಲ್ ಯಾರದ್ದು ಅನ್ನುವುದೂ ಅದೇ ಹಾಳೆಯಲ್ಲಿ ಬರಲಿ.

ರೇಟ್ ಏರಿಸುವಾಗ ಹಳೆಯ ರೇಟಿನ ಮೇಲೇ ಹೊಸದನ್ನು ಟೈಪ್ ಮಾಡಬೇಡ, ಜಾರಿಯ ದಿನಾಂಕ ಹಾಕಿ ಸೇರಿಸು. ಕಳೆದ ತಿಂಗಳು ಎಸ್ಟಿಮೇಟ್ ಬರೆಸಿಕೊಂಡು ಹೋದವರು ಆ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡೇ ಬಂದಿರುತ್ತಾರೆ. ಬಿಲ್ ತಿದ್ದುವ, ರದ್ದು ಮಾಡುವ ಅಧಿಕಾರ ರಿಸೆಪ್ಷನ್ ಹುಡುಗಿಗೆ ಬೇಡ. ಅವಳ ಮೇಲಿನ ಅನುಮಾನದಿಂದಲ್ಲ, ನಾಳೆ ಅವಳ ಮೇಲೆ ಮಾತು ಬರದಿರಲಿ ಅಂತ. ಕಂಪನಿಗಳಾದರೆ 2023ರ ಏಪ್ರಿಲ್ 1ರಿಂದ, ತಿದ್ದಿದ್ದೆಲ್ಲ ದಾಖಲಾಗುವ, ಆ ದಾಖಲೆಯನ್ನು ನಿಲ್ಲಿಸಲಾಗದ ಸಾಫ್ಟ್‌ವೇರೇ ಬಳಸಬೇಕೆಂದು ಕಾನೂನಿದೆ. ನಿನ್ನಂಥ ಸ್ವಂತ ಕ್ಲಿನಿಕ್ಕಿಗೆ ಅದು ಕಡ್ಡಾಯವಲ್ಲ, ಆದರೂ ಎಡಿಟ್ ಲಾಗ್ ಆನ್ ಮಾಡಿಸಿಡು.

ಇನ್ನು ತೆರಿಗೆ. ಹಲ್ಲಿನ ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇದೆ, ಕನ್ಸಲ್ಟೆಂಟ್ ಪಾಲಿಗೂ ಇದೆ. ಬರೀ ಅಂದಕ್ಕೆ ಮಾಡುವ ಕೆಲಸಗಳನ್ನು ಬೇರೆ ಹೆಡ್ಡಿನಲ್ಲಿಟ್ಟು ಆಡಿಟರ್‌ನ ಕೇಳು. ಟಿಡಿಎಸ್ ವಿಷಯ: ಒಬ್ಬ ಕನ್ಸಲ್ಟೆಂಟ್‌ಗೆ ವರ್ಷಕ್ಕೆ 50,000 ದಾಟಿ ಕೊಟ್ಟರೆ 10 ಪರ್ಸೆಂಟ್ ಹಿಡಿಯಬೇಕು. ಆದರೆ ಸ್ವಂತ ಹೆಸರಿನ ಕ್ಲಿನಿಕ್ಕಿಗೆ ಹಿಂದಿನ ವರ್ಷದ ಫೀಸು 50 ಲಕ್ಷ ದಾಟಿದ್ದರೆ ಮಾತ್ರ ಈ ಉಸಾಬರಿ. ಗೆಳತಿಯನ್ನು ಸೇರಿಸಿಕೊಂಡು ಪಾರ್ಟ್‌ನರ್‌ಶಿಪ್ ಮಾಡಿದೆಯೋ, ಮೊದಲ ವರ್ಷದಿಂದಲೇ ಹಿಡಿಯಬೇಕು.

ಕೌಂಟರಿನ ಕ್ಯೂಆರ್ ಕೋಡ್ ನಿನ್ನ ಸ್ವಂತ ಖಾತೆಯದ್ದಾಗಿದ್ದರೆ ಇವತ್ತೇ ಕಿತ್ತು ಹಾಕು. 2025ರ ಜುಲೈನಲ್ಲಿ ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಕೈಸಾಲ, ಮನೆಯವರು ಹಾಕಿದ ದುಡ್ಡು, ವ್ಯಾಪಾರದ ಹಣ ಎಲ್ಲ ಒಂದೇ ಖಾತೆಗೆ ಹಾಕಿಸಿಕೊಂಡವರು ಬಿಡಿಸಿ ಹೇಳಲು ಪರದಾಡಿದರು. ನಿನಗೆ ತೆರಿಗೆ ಇರಲಿ ಬಿಡಲಿ, ಪಾಲಿನ ಲೆಕ್ಕಕ್ಕಾದರೂ ಕ್ಲಿನಿಕ್ಕಿಗೆ ಬೇರೆ ಖಾತೆ ಬೇಕು.

ಟ್ರಯಲ್ ಮುಗಿಯುವ ಮೊದಲು ಕೂತು ಮೂರು ಸುಳ್ಳು ಬಿಲ್ ಹಾಕು: ಒಂದು ರಿಯಾಯಿತಿಯದ್ದು, ಒಂದು ಕಂತಿನದ್ದು, ಇನ್ನೊಂದು ದುಡ್ಡು ವಾಪಸ್ ಕೊಟ್ಟಿದ್ದು. ಕನ್ಸಲ್ಟೆಂಟ್ ಪಾಲಿನ ರಿಪೋರ್ಟ್ ತೆಗೆದು ಕೈಲೆಕ್ಕಕ್ಕೆ ತಾಳೆ ನೋಡು. ಒಂದು ರೂಪಾಯಿ ಆಚೀಚೆಯಾದರೂ ಮಾರಲು ಬಂದವನನ್ನು ಎದುರಿಗೆ ಕೂರಿಸಿಕೊಂಡು ಸರಿ ಮಾಡಿಸು. ವರ್ಷದ ದುಡ್ಡು ಕಟ್ಟಿದ ಮೇಲೆ ಅವನು ಫೋನ್ ಎತ್ತುವುದಿಲ್ಲ.

ನಿನ್ನ ದೊಡ್ಡಪ್ಪ