ಮನೆಯ ಪಾಠ: ಕೋಣೆ ಎಣಿಸುವ ಮೊದಲು

ಹೂವಿನಹಡಗಲಿ ತಾಲ್ಲೂಕಿನ ಹೊಳಲು ಗ್ರಾಮದ ಶಾಲೆಯೊಂದರಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಐದನೇ ತರಗತಿಗೆ ‘ಮನೆ ಮತ್ತು ನೆರೆಹೊರೆ’ ವಿಷಯವನ್ನು ಎರಡು ಸಲ ಬೋಧಿಸಿದೆ. ಮೊದಲ ಪಾಠದಲ್ಲಿ ಎಲ್ಲಿ ತಪ್ಪಿದೆ, ಎರಡನೆಯದರಲ್ಲಿ ಹೇಗೆ ತಿದ್ದಿಕೊಂಡೆ ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ.

ಮೊದಲ ಪಾಠ

ಹಾಲ್, ಅಡುಗೆಮನೆ, ಮಲಗುವ ಕೋಣೆ, ಬಚ್ಚಲುಮನೆ ಇರುವ ಚಿತ್ರಪಟ ತೂಗುಹಾಕಿ, “ನಿಮ್ಮ ಮನೆಯಲ್ಲಿ ಎಷ್ಟು ಕೋಣೆಗಳಿವೆ?” ಎಂದು ಪೀಠಿಕಾ ಪ್ರಶ್ನೆ ಕೇಳಿದೆ. ಕೆಲವರು ಗಟ್ಟಿಯಾಗಿ ಉತ್ತರಿಸಿದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ತಾನು ಬರೆದಿದ್ದ ಚಿತ್ರವನ್ನು ಅಳಿಸಿ, ನನ್ನ ಚಿತ್ರಪಟವನ್ನೇ ನೋಡಿ ಬರೆದಳು. ಅಂದವಾಗಿದೆಯೆಂದು ಸರಿ ಗುರುತು ಹಾಕಿದೆ. ಪಾಠ ಮುಗಿದ ಮೇಲೆ ಮಾರ್ಗದರ್ಶಕ ಶಿಕ್ಷಕಿ ಕೇಳಿದರು: “ಆಕಿ ಬರೆದದ್ದು ಯಾರ ಮನಿ?”

ಆ ಸಂಜೆ ಓಣಿಗಳಲ್ಲಿ ಅಡ್ಡಾಡಿದೆ. ಮಣ್ಣಿನ ಮಾಳಿಗೆ ಮನೆ, ತಗಡಿನ ಮನೆ, ಆರ್‌ಸಿಸಿ ಮನೆ ಒಂದರ ಮಗ್ಗುಲಿಗೊಂದು ಇದ್ದವು. ನನ್ನ ಪ್ರಶ್ನೆ ಮನೆಯನ್ನು ಕೇಳಿರಲಿಲ್ಲ, ಮನೆಯವರ ಅನುಕೂಲವನ್ನು ಕೇಳಿತ್ತು.

ಎರಡನೆಯ ಪಾಠ

ಈ ಸಲ ಚಿತ್ರಪಟ ಒಯ್ಯಲಿಲ್ಲ. ಮೂರು ಪ್ರಶ್ನೆ ಕೇಳಿದೆ: ಬೇಸಿಗೆಯ ಮಧ್ಯಾಹ್ನ ಮನೆಯಲ್ಲಿ ಎಲ್ಲಿ ಕೂಡುತ್ತೀರಿ? ರಾತ್ರಿ ಎಲ್ಲಿ ಮಲಗುತ್ತೀರಿ? ಮಳೆ ಬಂದರೆ ಮೊದಲು ಯಾವ ಕೆಲಸ ಮಾಡುತ್ತೀರಿ?

“ಮಾಳಿಗಿ ಏರಿ ಗವಾಕ್ಷಿ ಮುಚ್ಚತೀವಿ” ಎಂದು ಹಲವರು ಕೂಗಿದರು. ಅಲ್ಲಿಂದ ಪಾಠ ತಾನಾಗಿ ನಡೆಯಿತು. ತೊಲೆ, ಜಂತಿ, ಅವುಗಳ ಮೇಲೆ ದಪ್ಪ ಮಣ್ಣು. ಆ ಮಣ್ಣು ಬಿಸಿಲಿನ ಕಾವನ್ನು ಬೇಗ ಒಳಗೆ ಬಿಡದು. ಮಳೆ ಕಡಿಮೆಯಾದ ಈ ಸೀಮೆಗೆ ಸಪಾಟು ಮಾಳಿಗೆ ಒಪ್ಪುತ್ತದೆ. ಮಳೆ ಹೆಚ್ಚಿರುವ ಮಲೆನಾಡಿಗೆ ಇಳಿಜಾರು ಮಾಡು ಬೇಕು. ಕಾರಣವನ್ನು ಮಕ್ಕಳೇ ಹೇಳಿದರು. ಅದೇ ಹುಡುಗಿ ಎದ್ದು ನಿಂತಳು: “ನಮ್ದು ಒಂದ ಅಂಕಣ ರೀ ಟೀಚರ್. ಮುಂಜಾನಿ ಅಡಿಗಿ, ರಾತ್ರಿ ಹಾಸಿಗಿ.” ಒಂದೇ ಜಾಗ ಎರಡು ಕೆಲಸ ಮಾಡುವುದನ್ನು ನಕ್ಷೆಯಲ್ಲಿ ತೋರಿಸುವುದು ಹೇಗೆಂದು ತರಗತಿಯೇ ಚರ್ಚಿಸಿತು. ಆಕೆ ಎರಡು ಬಣ್ಣ ಬಳಸಿದಳು.

ನೆರೆಹೊರೆಯ ನಕ್ಷೆಗೆ ಮೊದಲು ಕೇರಿಗಳ ಹೆಸರು ಬರೆಸಬೇಕೆಂದಿದ್ದೆ. ಜಾತಿಯ ಹೆಸರುಗಳು ಹಲಗೆಯ ಮೇಲೆ ಬರುತ್ತವೆಂದು ಕೈಬಿಟ್ಟೆ. ಬದಲಿಗೆ ಎಲ್ಲರೂ ಬಳಸುವ ನಲ್ಲಿ, ಹಿಟ್ಟಿನ ಗಿರಣಿ, ಬಸ್ ನಿಲ್ದಾಣ, ಅನಂತಶಯನ ಗುಡಿಗಳನ್ನು ಗುರುತಿಸಿದೆವು. ಹೊಸಪೇಟೆಯ ಅನಂತಶಯನಗುಡಿಗೆ ಹೋಗಬೇಕಿದ್ದ ದೇವರು ಹೊಳಲಿನಲ್ಲೇ ಉಳಿದನೆಂಬ ಐತಿಹ್ಯವನ್ನು ಮಕ್ಕಳೇ ನನಗೆ ಹೇಳಿದರು. ಶಾಲೆಯಿಂದ ನಲ್ಲಿಗೆ ಹೆಜ್ಜೆ ಹಾಕಿ ಅಳೆದಾಗ ಒಬ್ಬೊಬ್ಬರ ಲೆಕ್ಕ ಒಂದೊಂದಾಯಿತು. ಮೀಟರ್ ಏಕೆ ಬೇಕೆಂದು ನಾನು ವಿವರಿಸಬೇಕಾಗಲಿಲ್ಲ.

ಉಳಿದ ಕೊರತೆ

ಒಂದು ಅವಧಿಯಲ್ಲಿ ನಕ್ಷೆ ಮುಗಿಯಲಿಲ್ಲ. ದಿಕ್ಕು ಗುರುತಿಸುವುದು ಮರುದಿನಕ್ಕೆ ಉಳಿಯಿತು. ಮೌಲ್ಯಮಾಪನದಲ್ಲಿದ್ದ ‘ಮನೆಯ ಕೋಣೆಗಳನ್ನು ಹೆಸರಿಸಿ’ ಎಂಬ ಪ್ರಶ್ನೆಯನ್ನು ‘ನಿಮ್ಮ ಮನೆಯ ಒಂದು ಜಾಗ ದಿನವಿಡೀ ಯಾವ ಯಾವ ಕೆಲಸಕ್ಕೆ ಒದಗುತ್ತದೆ?’ ಎಂದು ಬದಲಿಸಿದೆ.

‘ತಿಳಿದುದರಿಂದ ತಿಳಿಯದುದರ ಕಡೆಗೆ’ ಎಂಬ ಸೂತ್ರವನ್ನು ನಾವೆಲ್ಲ ಪಾಠಯೋಜನೆಯಲ್ಲಿ ಬರೆಯುತ್ತೇವೆ. ಮಕ್ಕಳಿಗೆ ತಿಳಿದದ್ದೇನೆಂದು ಮೊದಲು ನಮಗೆ ತಿಳಿದಿರಬೇಕು. ಈ ಪಾಠ ಮಾಡಲಿರುವ ಸಹ ಪ್ರಶಿಕ್ಷಣಾರ್ಥಿಗಳು ಚಿತ್ರಪಟ ಬರೆಯುವ ಮೊದಲು ಒಂದು ಸಂಜೆ ಆ ಊರಿನ ಓಣಿಗಳಲ್ಲಿ ನಡೆದು ಬರಲಿ.