ಹೆವಿ ಲೈಸೆನ್ಸ್ ಇದೆ, ಯೂರೋಪಿನಲ್ಲಿ ಲಾರಿ ಓಡಿಸಬಹುದೇ?

ಪ್ರಶ್ನೆ: ನಾನು 14 ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ. ಮೊದಲು ಹತ್ತು ಚಕ್ರದ ಗಾಡಿ, ಈಗ ನವಿ ಮುಂಬೈ ಬಂದರಿಗೆ ಕಂಟೇನರ್ ಟ್ರೈಲರ್. ಜರ್ಮನಿಯ ಸಾಗಣೆ ಕಂಪನಿಯೊಂದು ಕೆಲಸ ಕೊಡುತ್ತೇನೆ ಅಂದಿದೆ. ನನ್ನ ಹೆವಿ ಲೈಸೆನ್ಸ್ ಕೊಟ್ಟರೆ ಅಲ್ಲಿಯ ಲೈಸೆನ್ಸ್ ಕೊಡುತ್ತಾರಂತೆ, ಅಲ್ಲಿಯವರೆಗೆ ಆರು ತಿಂಗಳು ನಮ್ಮದೇ ನಡೆಯುತ್ತದಂತೆ. ನಿಜವೇನ್ರೀ?
– ಓದುಗರು, ಹುಬ್ಬಳ್ಳಿ

ಉತ್ತರ: ಎರಡೂ ಅರ್ಧ ನಿಜ. ನಮ್ಮ ಡ್ರೈವರುಗಳು ಪರದೇಶದಲ್ಲಿ ಸಿಕ್ಕಿಬೀಳುವುದು ಉಳಿದರ್ಧ ಗೊತ್ತಿಲ್ಲದೆ. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಮೊದಲು ಲೈಸೆನ್ಸಿನ ಮಾತು. ಜರ್ಮನಿ ಒಂದು ದೇಶಗಳ ಪಟ್ಟಿ ಇಟ್ಟುಕೊಂಡಿದೆ. ಆ ದೇಶಗಳ ಲೈಸೆನ್ಸ್ ಇದ್ದವರಿಗೆ ಪರೀಕ್ಷೆಯಲ್ಲಿ ಪೂರ್ತಿಯಾಗಿಯೋ ಭಾಗಶಃವೋ ವಿನಾಯಿತಿ ಉಂಟು. ಭಾರತ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ನೀವು ಥಿಯರಿ ಪರೀಕ್ಷೆಯನ್ನೂ ಗಾಡಿ ಓಡಿಸುವ ಪರೀಕ್ಷೆಯನ್ನೂ ಹೊಸಬರಂತೆಯೇ ಕೊಡಬೇಕು. ಚಾಲ್ತಿಯಲ್ಲಿರುವ ಭಾರತದ ಲೈಸೆನ್ಸಿನಿಂದ ಆಗುವ ಲಾಭ ಇಷ್ಟು: ಡ್ರೈವಿಂಗ್ ಶಾಲೆಯಲ್ಲಿ ಇಂತಿಷ್ಟು ತರಗತಿ ಕೂರಲೇಬೇಕೆಂಬ ಕಡ್ಡಾಯ ನಿಮಗಿಲ್ಲ. ಆದರೂ ಪರೀಕ್ಷೆಗೆ ಗಾಡಿ, ಜೊತೆಗೆ ಕೂರುವ ಶಿಕ್ಷಕರು ಶಾಲೆಯಿಂದಲೇ ಬರಬೇಕು. ಥಿಯರಿಯನ್ನು ಜರ್ಮನ್ ಅಲ್ಲದೆ ಇಂಗ್ಲಿಷ್, ಅರಬ್ಬಿ ಸೇರಿ 12 ಭಾಷೆಗಳಲ್ಲಿ ಬರೆಯಬಹುದು. ಕನ್ನಡವಿಲ್ಲ, ಹಿಂದಿಯೂ ಇಲ್ಲ.

ಇನ್ನೊಂದು ಸಂಗತಿ ನಿಮ್ಮಂಥ ಟ್ರೈಲರ್ ಡ್ರೈವರುಗಳಿಗೆ ಮುಖ್ಯ. ನಮ್ಮಲ್ಲಿ ಲೈಸೆನ್ಸಿನ ಮೇಲೆ ಟ್ರಾನ್ಸ್‌ಪೋರ್ಟ್ ಎಂದು ಬಂದರೆ ಬಹುಪಾಲು ಕೆಲಸ ಮುಗಿಯಿತು. ಅಲ್ಲಿ ಮೊದಲು ಕಾರಿನ ‘ಬಿ’, ಆಮೇಲೆ ಲಾರಿಯ ‘ಸಿ’, ಟ್ರೈಲರ್ ಎಳೆಯುವುದಕ್ಕೆ ‘ಸಿಇ’. ವೈದ್ಯಕೀಯ ತಪಾಸಣೆ, ಕಣ್ಣಿನ ಪರೀಕ್ಷೆ, ಪ್ರಥಮ ಚಿಕಿತ್ಸೆಯ ತರಬೇತಿ ಎಲ್ಲಕ್ಕೂ ಕಾಗದ ಬೇಕು. ಜರ್ಮನ್ ಲೈಸೆನ್ಸ್ ಕೈಗೆ ಬರುವ ದಿನ ಇಲ್ಲಿನ ಮೂಲ ಲೈಸೆನ್ಸನ್ನು ಒಪ್ಪಿಸಬೇಕಾಗುತ್ತದೆ. ಹೊರಡುವ ಮೊದಲು ಎರಡೂ ಬದಿಯ ಪ್ರತಿ ತೆಗೆದು ಮನೆಯಲ್ಲಿಡಿ. ಟ್ರಾನ್ಸ್‌ಪೋರ್ಟ್ ಲೈಸೆನ್ಸಿನ ಅವಧಿ 2019ರ ತಿದ್ದುಪಡಿಯ ನಂತರ ಐದು ವರ್ಷ. ನಿಮ್ಮದು ಮುಗಿಯಲು ಒಂದು ವರ್ಷದೊಳಗಿದ್ದರೆ ಈಗಲೇ ಆರ್‌ಟಿಒಗೆ ಹೋಗಿ ನವೀಕರಿಸಿಕೊಂಡು ವಿಮಾನ ಹತ್ತಿ.

ಇಷ್ಟೆಲ್ಲ ಮುಗಿದರೂ ನೀವು ಕೂಲಿಗೆ ಲಾರಿ ಓಡಿಸುವಂತಿಲ್ಲ. ಯಾಕೆಂದರೆ ಐರೋಪ್ಯ ಒಕ್ಕೂಟದಲ್ಲಿ ಲೈಸೆನ್ಸ್ ಬೇರೆ, ವೃತ್ತಿ ಅರ್ಹತೆ ಬೇರೆ. 2003ರಲ್ಲಿ ಬಂದ ನಿರ್ದೇಶನವೊಂದು ಈ ಅರ್ಹತೆಯನ್ನು ಲಾರಿಯವರಿಗೆ 2009ರ ಸೆಪ್ಟೆಂಬರ್ 10ರಿಂದ ಕಡ್ಡಾಯ ಮಾಡಿತು. ಇದನ್ನು ಪಡೆದವರ ಲೈಸೆನ್ಸಿನಲ್ಲಿ 95 ಎಂಬ ಸಂಖ್ಯೆ ಬೀಳುತ್ತದೆ, ಇಲ್ಲವೇ ಪ್ರತ್ಯೇಕ ಕಾರ್ಡ್ ಕೊಡುತ್ತಾರೆ. ಜರ್ಮನಿ 2021ರ ಮೇ ತಿಂಗಳಿಂದ ಪ್ರತ್ಯೇಕ ಕಾರ್ಡನ್ನೇ ಕೊಡುತ್ತಿದೆ. 21 ವರ್ಷ ದಾಟಿದವರು ಸಾಮಾನ್ಯವಾಗಿ ಹಿಡಿಯುವ ದಾರಿ 140 ಗಂಟೆಗಳ ತ್ವರಿತ ಕೋರ್ಸು. ಅದರಲ್ಲಿ 10 ಗಂಟೆ ನೀವೇ ಸ್ಟೀರಿಂಗ್ ಹಿಡಿಯಬೇಕು. ಕೊನೆಗೆ ಐಎಚ್‌ಕೆ ಎಂಬ ಸ್ಥಳೀಯ ವಾಣಿಜ್ಯ ಮಂಡಳಿಯಲ್ಲಿ 90 ನಿಮಿಷದ ಲಿಖಿತ ಪರೀಕ್ಷೆ. ಅದನ್ನು ಯಾವ ಭಾಷೆಯಲ್ಲಿ ಬರೆಸುತ್ತಾರೆಂದು ಕಂಪನಿ ಇರುವ ಊರಿನ ಮಂಡಳಿಯಿಂದ ಬರಹದಲ್ಲಿ ತರಿಸಿಕೊಳ್ಳಿ. ಆಮೇಲೂ ಐದೈದು ವರ್ಷಕ್ಕೆ 35 ಗಂಟೆಗಳ ಮರುತರಬೇತಿ ಇದ್ದೇ ಇದೆ.

ಈಗ ಆ ಆರು ತಿಂಗಳಿಗೆ ಬರೋಣ. ಅಲ್ಲಿ ನೆಲೆಸಿದ ದಿನದಿಂದ ಆರು ತಿಂಗಳು ಭಾರತದ ಲೈಸೆನ್ಸ್ ನಡೆಯುತ್ತದೆ ಎಂಬುದು ಸರಿ. ಆದರೆ ವೃತ್ತಿ ಅರ್ಹತೆಗೆ ಅಂಥ ರಿಯಾಯಿತಿ ಇಲ್ಲ, ಸಂಬಳಕ್ಕೆ ಲಾರಿ ಹತ್ತಿದ ಮೊದಲ ದಿನವೇ ಅದು ಇರಬೇಕು. ಆರು ತಿಂಗಳ ಮಾತು ನಿಮ್ಮ ಸ್ವಂತ ಕಾರಿಗೆ ಉಪಯೋಗ, ಕಂಪನಿಯ ಟ್ರೈಲರಿಗಲ್ಲ.

ಆಗುಂಬೆ ಘಾಟಿ ಹತ್ತಿ ಇಳಿದವರಿಗೆ ಇನ್ನೇನು ಕಲಿಸುತ್ತಾರೆ ಎಂದು ನೀವು ಕೇಳಿದರೆ ತಪ್ಪಿಲ್ಲ. ನಿಮ್ಮ ಕೈಚಳಕವನ್ನು ಆ ಕೋರ್ಸು ಅಲ್ಲಗಳೆಯುವುದಿಲ್ಲ. ಅದರಲ್ಲಿರುವುದು ಸರಕು ಕಟ್ಟುವ ಲೆಕ್ಕ, ಡೀಸೆಲ್ ಉಳಿತಾಯ, ಡ್ರೈವರನ ಆರೋಗ್ಯ, ಎಲ್ಲಕ್ಕಿಂತ ಮಿಗಿಲಾಗಿ ದುಡಿಮೆಯ ಹೊತ್ತು. ಅಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಲೇಬೇಕು. ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10. ಲಾರಿಯಲ್ಲಿರುವ ಟ್ಯಾಕೋಗ್ರಾಫ್ ಯಂತ್ರ ಪ್ರತಿ ನಿಮಿಷವನ್ನೂ ಡ್ರೈವರನ ಕಾರ್ಡಿನಲ್ಲಿ ಬರೆದಿಡುತ್ತದೆ. ನಮ್ಮಲ್ಲೂ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತ್ತು. ಹೆದ್ದಾರಿಯಲ್ಲಿ ಅದನ್ನು ಕಂಡ ಡ್ರೈವರ್ ಯಾರಿದ್ದಾರೆ? ನಿದ್ದೆಗೆಟ್ಟು ಓಡಿಸಿದ್ದನ್ನೇ ಅನುಭವ ಎಂದು ನಮ್ಮ ಮಾಲೀಕರು ಹೊಗಳುತ್ತ ಬಂದಿದ್ದಾರೆ. ನಿದ್ದೆಯನ್ನು ಡ್ರೈವರನ ಹಕ್ಕೆಂದು ಹೇಳಿಕೊಡುವ ತರಬೇತಿಯನ್ನು ನಾನು ಮನಸಾರೆ ಒಪ್ಪುತ್ತೇನೆ. ಇಂಥದ್ದು ಇಲ್ಲಿಗೂ ಬರಬೇಕು.

ಕೊನೆಯದಾಗಿ ವೀಸಾ. ಅರ್ಹತೆ ಇಲ್ಲದೆಯೂ ಜರ್ಮನಿಗೆ ಹೋಗಿ ಅಲ್ಲೇ ಅದನ್ನು ಪಡೆಯುವ ದಾರಿ ಉದ್ಯೋಗ ನಿಯಮದಲ್ಲಿದೆ, ಹೆಚ್ಚೆಂದರೆ 15 ತಿಂಗಳ ಅವಧಿಗೆ. ಕಂಪನಿಯ ಜೊತೆಗಿನ ಕರಾರಿನಲ್ಲಿ ಲೈಸೆನ್ಸ್ ಮತ್ತು ಅರ್ಹತೆಯ ತರಬೇತಿ ಸ್ಪಷ್ಟವಾಗಿ ಬರೆದಿರಬೇಕು. ತರಬೇತಿಯ ಖರ್ಚು ಯಾರದು, ಆ ತಿಂಗಳುಗಳಲ್ಲಿ ಸಂಬಳ ಎಷ್ಟು, ಒಮ್ಮೆ ಫೇಲಾದರೆ ಮುಂದೇನು ಎಂಬ ಮೂರಕ್ಕೂ ಉತ್ತರ ಇರದ ಕರಾರಿಗೆ ಸಹಿ ಹಾಕಬೇಡಿ.

ಪ್ರಶ್ನೆ: ನಾನು ಉಡುಪಿ ಕಡೆಯವನು, ಶಾರ್ಜಾದಲ್ಲಿ ಟ್ರೈಲರ್ ಓಡಿಸುತ್ತಿದ್ದೇನೆ. ಲಿಥುವೇನಿಯಾದ ಕಂಪನಿಗೆ ಸೇರಿಸುತ್ತೇನೆ ಎಂದು ಏಜೆಂಟರೊಬ್ಬರು ಬಂದಿದ್ದಾರೆ. ಕೋಡ್ 95 ಇಲ್ಲೇ ಒಂದು ವಾರದಲ್ಲಿ ಮಾಡಿಸಿಕೊಡುತ್ತಾರಂತೆ. ಹಣ ಕಟ್ಟಬಹುದೇ?
– ಓದುಗರು, ಶಾರ್ಜಾ

ಉತ್ತರ: ಕಟ್ಟಬೇಡಿ. ಒಕ್ಕೂಟದ ಹೊರಗಿನ ಪ್ರಜೆಗಳು ಮೊದಲ ಅರ್ಹತೆಯನ್ನು ತಮ್ಮ ಕಂಪನಿ ನೆಲೆಸಿರುವ, ಇಲ್ಲವೇ ತಮಗೆ ಉದ್ಯೋಗ ಪರವಾನಗಿ ಕೊಟ್ಟ ಸದಸ್ಯ ದೇಶದಲ್ಲೇ ಪಡೆಯಬೇಕೆಂದು ಒಕ್ಕೂಟದ ನಿರ್ದೇಶನ ಹೇಳುತ್ತದೆ. ನಿಮ್ಮ ಮಟ್ಟಿಗೆ ಅದು ಲಿಥುವೇನಿಯಾ. ಕನಿಷ್ಠ 140 ಗಂಟೆಗಳ ಕೋರ್ಸು ಒಂದು ವಾರದಲ್ಲಿ ಹೇಗೆ ಮುಗಿಯುತ್ತದೆಂದು ಆ ಏಜೆಂಟರನ್ನೇ ಕೇಳಿ ನೋಡಿ. ಸುಳ್ಳು ಕಾಗದದೊಂದಿಗೆ ರಸ್ತೆ ತಪಾಸಣೆಯಲ್ಲಿ ಸಿಕ್ಕರೆ ಕೆಲಸವೂ ಹೋಗುತ್ತದೆ, ವೀಸಾಕ್ಕೂ ಕುತ್ತು.

ಒಕ್ಕೂಟದ ಗಡಿಗಳನ್ನು ದಾಟಿ ಸರಕು ಒಯ್ಯುವ ಹೊರದೇಶದ ಡ್ರೈವರಿಗೆ ಚಾಲಕ ದೃಢೀಕರಣ ಪತ್ರ ಎಂಬ ಇನ್ನೊಂದು ಕಾಗದವೂ ಬೇಕು. ನಿಮ್ಮನ್ನು ಕಾನೂನುಬದ್ಧವಾಗಿ ಕೆಲಸಕ್ಕಿಟ್ಟುಕೊಂಡಿದ್ದಾರೆ ಎಂಬುದಕ್ಕೆ ಅದು ಪುರಾವೆ. ಅದಕ್ಕೆ ಅರ್ಜಿ ಹಾಕಬೇಕಾದವರು ಕಂಪನಿಯವರು, ನೀವಲ್ಲ. ಅದರ ಹೆಸರಲ್ಲಿ ನಿಮ್ಮಿಂದ ಹಣ ಕೇಳಿದರೆ ಅಲ್ಲೇ ಮಾತು ನಿಲ್ಲಿಸಿ.

ಊರಿನಿಂದ ನೇರವಾಗಿ ಹೊರಡುವವರಿಗೂ ಇಲ್ಲೇ ಒಂದು ಮಾತು. ಭಾರತದಲ್ಲಿ ವಿದೇಶಿ ಕೆಲಸಕ್ಕೆ ಆಳು ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಅವರು ಡ್ರೈವರಿನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಟ್ಟಲೆ ಕೊಟ್ಟು ಹೊಲ ಅಡವಿಟ್ಟವರ ಕಾಗದಗಳು ಈ ಅಂಕಣಕ್ಕೂ ಬರುತ್ತವೆ, ಓದುವಾಗ ಹೊಟ್ಟೆ ಉರಿಯುತ್ತದೆ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟರ ಹೆಸರು ಹುಡುಕಿ. ಸಿಗಲಿಲ್ಲವೆಂದರೆ ರಶೀದಿ ಕೊಟ್ಟರೂ ನಂಬಬೇಡಿ.

ಪ್ರಶ್ನೆ: ನಮ್ಮ ಯಜಮಾನರು 2006ರಲ್ಲೇ ಹೆವಿ ಲೈಸೆನ್ಸ್ ಪಡೆದವರು. 2009ಕ್ಕೆ ಮುಂಚೆ ಲೈಸೆನ್ಸ್ ಇದ್ದವರಿಗೆ ಯೂರೋಪಿನಲ್ಲಿ ಅರ್ಹತಾ ಪರೀಕ್ಷೆ ಬೇಡವಂತೆ, ಹೌದೇ?
– ಓದುಗರು, ಮದ್ದೂರು

ಉತ್ತರ: ಅಂಥ ವಿನಾಯಿತಿ ಇದೆ ತಾಯಿ, ಆದರೆ ಅದು 2009ರ ಸೆಪ್ಟೆಂಬರ್ 10ರೊಳಗೆ ಅಲ್ಲಿನ ಲಾರಿ ಲೈಸೆನ್ಸ್, ಅಥವಾ ಅದಕ್ಕೆ ಸಮವೆಂದು ಒಪ್ಪಿಕೊಂಡ ಲೈಸೆನ್ಸ್ ಪಡೆದವರಿಗೆ. ನಮ್ಮ ಲೈಸೆನ್ಸನ್ನು ಪರೀಕ್ಷೆಯಿಲ್ಲದೆ ಒಪ್ಪದ ದೇಶದಲ್ಲಿ ಯಜಮಾನರ 2006ರ ದಿನಾಂಕ ನೆರವಿಗೆ ಬರುತ್ತದೆಂದು ನೆಚ್ಚಿಕೊಳ್ಳಬೇಡಿ. ವಿನಾಯಿತಿ ಇದ್ದವರೂ ಐದು ವರ್ಷಕ್ಕೊಮ್ಮೆಯ 35 ಗಂಟೆ ತಪ್ಪಿಸಿಕೊಳ್ಳುವಂತಿಲ್ಲ.

ಪ್ರಶ್ನೆ: ನರ್ಸ್ ಆಗಿರುವ ಪತ್ನಿಯ ಜೊತೆ ಇಂಗ್ಲೆಂಡಿಗೆ ಬಂದಿದ್ದೇನೆ. ಕೆಲಸ ಮಾಡಲು ಅನುಮತಿ ಇದೆ. ಊರಲ್ಲಿ ಲಾರಿ ಓಡಿಸಿದ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ?
– ಓದುಗರು, ಲೆಸ್ಟರ್

ಉತ್ತರ: ಅನುಭವ ಖಂಡಿತ ಬರುತ್ತದೆ, ಲೈಸೆನ್ಸ್ ಬರುವುದಿಲ್ಲ. ಬ್ರಿಟನ್ನಿನ ವಿನಿಮಯ ಪಟ್ಟಿಯಲ್ಲೂ ಭಾರತವಿಲ್ಲ. ಬಂದ ದಿನದಿಂದ 12 ತಿಂಗಳು ಭಾರತದ ಲೈಸೆನ್ಸಿನಲ್ಲಿ ಕಾರು ಓಡಿಸಬಹುದು, ಅಲ್ಲಿನ ಲಾರಿಯನ್ನಲ್ಲ. ಮೊದಲು ಬ್ರಿಟಿಷ್ ಕಾರು ಲೈಸೆನ್ಸ್ ಪಡೆಯಿರಿ. ನಂತರ ವೈದ್ಯರ ವರದಿಯ ಜೊತೆ ಲಾರಿಗೆ ಪ್ರಾವಿಷನಲ್ ಅರ್ಜಿ. ಅದು ನಮ್ಮ ಎಲ್‌ಎಲ್‌ಆರ್ ಇದ್ದಂತೆ. ಆಮೇಲೆ ಡ್ರೈವರ್ ಸಿಪಿಸಿ ಎಂಬ ವೃತ್ತಿ ಅರ್ಹತೆಯ ನಾಲ್ಕು ಭಾಗ: ಥಿಯರಿ, ಸನ್ನಿವೇಶಗಳ ಪ್ರಶ್ನೆಗಳು, ರಸ್ತೆ ಪರೀಕ್ಷೆ, ಕೊನೆಗೆ ಗಾಡಿಯ ಸುರಕ್ಷತೆಯನ್ನು ಮಾಡಿ ತೋರಿಸುವುದು. 2021ರಿಂದ ನೇರವಾಗಿ ಟ್ರೈಲರಿನ ಪರೀಕ್ಷೆಯನ್ನೇ ಕೊಡಬಹುದು, ಹಿಂದಿನಂತೆ ಎರಡು ಬಾರಿ ಬೇಕಿಲ್ಲ. ಟ್ರೈಲರ್ ಪಳಗಿದ ಕೈಯಾದರೆ ಇದರಿಂದ ಹಣವೂ ತಿಂಗಳುಗಳೂ ಉಳಿಯುತ್ತವೆ. ಸಿಪಿಸಿ ಇಲ್ಲದೆ ಕೂಲಿಗೆ ಓಡಿಸಿದರೆ 1,000 ಪೌಂಡಿನವರೆಗೆ ದಂಡ.

ಪ್ರಶ್ನೆ: ಆರ್‌ಟಿಒದಲ್ಲಿ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ ಇದ್ದರೆ ಈ ಯಾವ ಪರೀಕ್ಷೆಯೂ ಬೇಡವಲ್ಲವೇ?
– ಓದುಗರು, ಚಳ್ಳಕೆರೆ

ಉತ್ತರ: ಬೇಕೇ ಬೇಕು. ಆ ಪರ್ಮಿಟ್ ನಿಮ್ಮ ಲೈಸೆನ್ಸನ್ನು ಬೇರೆ ದೇಶದ ಪೊಲೀಸರು ಓದಿಕೊಳ್ಳುವಂತೆ ಮಾಡುತ್ತದೆ, ಅಷ್ಟೆ. ಅವಧಿ ಒಂದು ವರ್ಷ, ಮೂಲ ಲೈಸೆನ್ಸ್ ಜೊತೆಗಿದ್ದರೆ ಮಾತ್ರ ಬೆಲೆ. ಜರ್ಮನಿಗೆ ಹೋಗುವವರು ಮಾಡಿಸಿಕೊಂಡು ಹೋಗಿ. ಮೊದಲ ಆರು ತಿಂಗಳು ಕಾರು ಓಡಿಸುವಾಗ ಲೈಸೆನ್ಸಿನ ಅನುವಾದ ಕೇಳಿದರೆ ಅದನ್ನೇ ತೋರಿಸಬಹುದು.