ಬಾಗಲಗುಂಟೆಯ ಬೇಸಿಗೆಗೆ ವೇಗದ ಕಾರನ್ನು ಅಣಿಗೊಳಿಸುವುದು ಹೇಗೆ?

ಬೆಂಗಳೂರಿನಲ್ಲಿ ಕಾರು ಕೆಡುವಷ್ಟು ಸೆಕೆ ಎಲ್ಲಿದೆ, ಅದೇನಿದ್ದರೂ ರಾಯಚೂರು, ಕಲಬುರಗಿಯವರ ಪಾಡು ಎನ್ನುವವರಿದ್ದಾರೆ. 2016ರ ಏಪ್ರಿಲ್‌ನಲ್ಲಿ ನಗರದ ತಾಪಮಾನ 39.2 ಡಿಗ್ರಿ ಮುಟ್ಟಿತ್ತು, 2024ರ ಏಪ್ರಿಲ್ ಕೊನೆಯಲ್ಲಿ 38.5. ಆದರೆ ನನ್ನ ವಾದ ಈ ಅಂಕಿಗಳ ಮೇಲೆ ನಿಂತಿಲ್ಲ. ಟರ್ಬೊ ಪೆಟ್ರೋಲ್ ಕಾರಾಗಲಿ, ಹೆಚ್ಚು ಶಕ್ತಿಯ ಎಲೆಕ್ಟ್ರಿಕ್ ಕಾರಾಗಲಿ, ಬಿಸಿಲಿಗಿಂತ ಹೆಚ್ಚು ಬಳಲುವುದು ತನ್ನದೇ ಕಾವು ಹೊರಹೋಗದೆ ಒಳಗೇ ಉಳಿದಾಗ. ಬಯಲುಸೀಮೆಯ ತೆರವಾದ ಹೆದ್ದಾರಿಯಲ್ಲಿ ಓಡುವ ಕಾರಿನ ರೇಡಿಯೇಟರ್‌ಗೆ ಗಾಳಿ ತಾನಾಗಿ ನುಗ್ಗುತ್ತದೆ. ಬಾಗಲಗುಂಟೆಯಿಂದ ಹೆಸರಘಟ್ಟ ಮುಖ್ಯರಸ್ತೆ ಹಿಡಿದು ಎಂಟನೇ ಮೈಲಿಗೆ ಬಂದು ತುಮಕೂರು ರಸ್ತೆಯಲ್ಲಿ ಜಾಲಹಳ್ಳಿ ಕ್ರಾಸ್‌ವರೆಗೆ ತೆವಳುವ ಕಾರಿಗೆ ಫ್ಯಾನೊಂದೇ ಗತಿ. ಜೊತೆಗೆ ಪೀಣ್ಯದ ಲಾರಿಗಳೆಬ್ಬಿಸುವ ಧೂಳು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರಿದು. ಇಲ್ಲಿನ ತೆಳುಗಾಳಿಯನ್ನು ಅದುಮಲು ಟರ್ಬೊ ಹೆಚ್ಚು ತಿರುಗಬೇಕು, ಎಂಜಿನ್ ಸೇರುವ ಗಾಳಿ ಅಷ್ಟೂ ಕಾಯುತ್ತದೆ. ಹಾಗಾಗಿ ಇಲ್ಲಿನ ಆರೈಕೆ ಓಡಿದ ಕಿಲೋಮೀಟರ್ ನೋಡಿಕೊಂಡು ಅಲ್ಲ, ಕಾರು ಉಂಡ ಕಾವನ್ನು ನೋಡಿಕೊಂಡು ನಡೆಯಬೇಕು.

ಪೆಟ್ರೋಲ್ ಕಾರಿನಲ್ಲಿ ಮೊದಲ ಕೆಲಸ ಕೂಲೆಂಟ್‌ನದು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಟ್ಯಾಂಕಿನ ಗುರುತು ನೋಡಿ; ಬಿಸಿಯಿದ್ದಾಗ ಮುಚ್ಚಳ ತೆಗೆಯಲೇಬೇಡಿ, ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಕಡಿಮೆಯಾಗಿದ್ದರೆ ಕಂಪನಿ ಹೇಳಿದ ಕೂಲೆಂಟನ್ನೇ ತುಂಬಿಸಿ. ಬೋರ್‌ವೆಲ್ ನೀರು ಸುರಿಯುವ ರೂಢಿ ಬಿಡಬೇಕು: ಗಡಸು ನೀರಿನ ಸುಣ್ಣ ರೇಡಿಯೇಟರ್ ಕೊಳವೆಗಳ ಒಳಗೋಡೆಗೆ ಕಟ್ಟಿಕೊಂಡು ಕಾವನ್ನು ತಡೆಯುತ್ತದೆ. ಎರಡನೆಯದು ಧೂಳು. ಎಸಿ ಕಂಡೆನ್ಸರ್, ಇಂಟರ್‌ಕೂಲರ್, ರೇಡಿಯೇಟರ್‌ಗಳ ರೆಕ್ಕೆಗಳ ನಡುವೆ ಮಣ್ಣು, ಹುಳು ತುಂಬಿದರೆ ಹೊಸ ಕೂಲೆಂಟ್ ಇದ್ದೂ ಪ್ರಯೋಜನವಿಲ್ಲ. ಮಾರ್ಚ್‌ಗೆ ಮೊದಲೇ ಗ್ಯಾರೇಜಿನಲ್ಲಿ ಕಡಿಮೆ ಒತ್ತಡದ ನೀರಿನಿಂದ ತೊಳೆಸಿ. ವಾಟರ್‌ವಾಶ್‌ನ ಜೋರು ಧಾರೆ ಬಿಟ್ಟರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಇಂಟರ್‌ಕೂಲರ್ ಕಟ್ಟಿಕೊಂಡಾಗ ದೀಪ ಉರಿದು ಎಚ್ಚರಿಸುವುದು ಅಪರೂಪ. ಎಂಜಿನ್ ಬಡಿತ (ನಾಕಿಂಗ್) ತಪ್ಪಿಸಲು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಇಗ್ನಿಷನ್ ತಡಮಾಡುತ್ತದೆ, ಕಾರು ಮಂಕಾಗುತ್ತದೆ, ಮಾಲೀಕರು ಪೆಟ್ರೋಲನ್ನು ದೂರುತ್ತಾರೆ.

ಕಂಪನಿ ಕೊಟ್ಟ ಸರ್ವಿಸ್ ವೇಳಾಪಟ್ಟಿ ಇರುವಾಗ ಇದೆಲ್ಲ ಏಕೆ ಎಂದು ಕೇಳಬಹುದು. ಆದರೆ ಹಲವು ಕಾರುಗಳ ಕೈಪಿಡಿಯಲ್ಲೇ ಕಠಿಣ ಬಳಕೆಗೆ ಬೇರೆ, ಕಡಿಮೆ ಅವಧಿ ಬರೆದಿರುತ್ತಾರೆ: ಧೂಳು, ಸೆಕೆ, ನಿಂತು ನಿಂತು ಸಾಗುವ ಓಟ. ಮೂರೂ ನಮ್ಮ ರಸ್ತೆಯವೇ. ಓಡೋಮೀಟರ್ ಹತ್ತು ಕಿಲೋಮೀಟರ್ ತೋರಿಸುವಾಗ ಎಂಜಿನ್ ಒಂದು ಗಂಟೆ ಉರಿದಿರುತ್ತದೆ; ಆಯಿಲ್ ಸವೆಯುವುದು ಆ ಗಂಟೆಯ ಲೆಕ್ಕದಲ್ಲಿ. ಕೈಪಿಡಿ ಸೂಚಿಸಿದ ಸಿಂಥೆಟಿಕ್ ಆಯಿಲನ್ನೇ, ಆ ಕಡಿಮೆ ಅವಧಿಗೆ ಬದಲಿಸಿ. ನೆಲಮಂಗಲದ ಕಡೆಯಿಂದ ಜೋರಾಗಿ ಬಂದಿದ್ದರೆ ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಓಡಿಸಿ, ಟರ್ಬೊ ತಣಿದ ಮೇಲೆ ಎಂಜಿನ್ ನಿಲ್ಲಿಸಿ. ಡ್ರೈ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇರುವವರು ಮುಂದಿನ ವಾಹನಕ್ಕೆ ಅಂಟಿಕೊಂಡು ಇಂಚಿಂಚು ಸರಿಯದೆ, ಸ್ವಲ್ಪ ಜಾಗ ಬಿಟ್ಟು ಒಮ್ಮೆಗೇ ಸಾಗಬೇಕು. ಅರ್ಧ ಹಿಡಿದ ಕ್ಲಚ್ಚೇ ಅಲ್ಲಿ ಸುಡುವುದು. ಟೈರ್ ಗಾಳಿಯನ್ನು ಬೆಳಿಗ್ಗೆ ತಣ್ಣಗಿರುವಾಗ ನೋಡಿ, ಬಿಸಿ ಟೈರಿನಿಂದ ಗಾಳಿ ಇಳಿಸಬೇಡಿ. ಬ್ರೇಕ್ ಫ್ಲೂಯಿಡ್ ತೇವ ಹೀರಿಕೊಂಡಷ್ಟೂ ಬೇಗ ಕುದಿಯುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಎಲೆಕ್ಟ್ರಿಕ್ ಕಾರಿಗೆ ಎಂಜಿನ್ನೇ ಇಲ್ಲ, ನೋಡಿಕೊಳ್ಳುವುದೇನಿದೆ ಎಂಬುದು ಇನ್ನೊಂದು ಆಕ್ಷೇಪ. ನನ್ನ ಮಟ್ಟಿಗೆ ಇದೇ ದುಬಾರಿ ತಪ್ಪು, ಏಕೆಂದರೆ ಸೆಕೆಯಲ್ಲಿ ಮುದಿಯಾಗುವುದು ಕಾರಿನ ಅತಿ ಬೆಲೆಯ ಭಾಗವಾದ ಬ್ಯಾಟರಿ. ದ್ರವದಿಂದ ತಣಿಸುವ ಬಹುತೇಕ ಬ್ಯಾಟರಿಗಳು ಬೇಸಿಗೆಯಲ್ಲಿ ಕಾರಿನ ಎಸಿಯನ್ನೇ ನಂಬಿಕೊಂಡಿವೆ. ಎಸಿ ಗ್ಯಾಸ್ ಸೋರಿದರೆ, ಕಂಡೆನ್ಸರ್‌ಗೆ ಧೂಳು ತುಂಬಿದರೆ ಕೂತವರಿಗೆ ಸೆಕೆಯಾಗುವುದರ ಜೊತೆಗೆ ಫಾಸ್ಟ್ ಚಾರ್ಜಿಂಗ್ ನಿಧಾನವಾಗುತ್ತದೆ, ವೇಗವರ್ಧನೆ ಕುಗ್ಗುತ್ತದೆ. ಹಾಗಾಗಿ ಎಸಿ ತಪಾಸಣೆಯನ್ನು ಬ್ಯಾಟರಿ ತಪಾಸಣೆ ಎಂದೇ ತಿಳಿದು ಮಾಡಿಸಿ. ಹಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಕೂಲೆಂಟ್ ಬೇರೆ ಬಗೆಯದಿರುತ್ತದೆ. ಅದಕ್ಕೂ ಹೆಚ್ಚು ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್‌ಗಳಿಗೂ ತರಬೇತಾದವರ ಕೈ ಮಾತ್ರ ತಾಗಬೇಕು. ನಿಕಲ್ ಬಗೆಯ ಎನ್‌ಎಂಸಿ ಬ್ಯಾಟರಿಯಾದರೆ ನಿತ್ಯ 80 ಪ್ರತಿಶತಕ್ಕೆ ನಿಲ್ಲಿಸಿ, ದೂರದ ಪಯಣಕ್ಕಷ್ಟೇ ಪೂರ್ತಿ ತುಂಬಿಸಿ. ಐರನ್ ಫಾಸ್ಫೇಟ್ ಬಗೆಯ ಎಲ್‌ಎಫ್‌ಪಿ ಬ್ಯಾಟರಿಗೆ ಹಲವು ಕಂಪನಿಗಳು ವಾರಕ್ಕೊಮ್ಮೆ 100 ಮುಟ್ಟಿಸಲು ಹೇಳುತ್ತವೆ, ಚಾರ್ಜ್ ಲೆಕ್ಕ ಸರಿಯಾಗಿರಲೆಂದು. ಮುಟ್ಟಿಸಿ, ಆದರೆ ತುಂಬಿದ ಬ್ಯಾಟರಿಯನ್ನು ದಿನಗಟ್ಟಲೆ ಬಿಸಿಲಲ್ಲಿ ನಿಲ್ಲಿಸಬೇಡಿ. ಮನೆಯಲ್ಲಿ ರಾತ್ರಿ ಹೊತ್ತು ತಂಪಾದ ಮೇಲೆ ಚಾರ್ಜಿಗೆ ಹಾಕಿ. ಹೊರಡುವ ಮುಂಚೆ, ಪ್ಲಗ್ಗಿನಲ್ಲಿರುವಾಗಲೇ ಎಸಿ ಹಾಕಿದರೆ ಆ ತಂಪಿನ ಖರ್ಚು ಬ್ಯಾಟರಿಯ ಮೇಲೆ ಬೀಳುವುದಿಲ್ಲ.

ಇಷ್ಟಾದರೂ ಒಂದು ಮಧ್ಯಾಹ್ನ ಪೆಟ್ರೋಲ್ ಕಾರಿನ ತಾಪಮಾನದ ಮುಳ್ಳು ಕೆಂಪಿನತ್ತ ಏರಿತೆನ್ನಿ. ಎಸಿ ಆರಿಸಿ, ಹೀಟರ್ ಪೂರ್ತಿ ತಿರುಗಿಸಿ, ಆದಷ್ಟು ಬೇಗ ಸರ್ವಿಸ್ ರಸ್ತೆಗೆ ಇಳಿದು ಎಂಜಿನ್ ನಿಲ್ಲಿಸಿ. ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಕಾದ ಲೋಹ ಬಿರಿಯುತ್ತದೆ. ಎಲೆಕ್ಟ್ರಿಕ್ ಕಾರು ತಾನಾಗಿ ಶಕ್ತಿ ತಗ್ಗಿಸಿದರೆ ಬ್ಯಾಟರಿ ತನ್ನನ್ನು ಕಾಪಾಡಿಕೊಳ್ಳುತ್ತಿದೆ ಎಂದರ್ಥ; ಆಕ್ಸಿಲರೇಟರ್ ಒತ್ತದೆ ನೆರಳು ಹುಡುಕಿ ನಿಲ್ಲಿಸಿ, ಮತ್ತೆ ಮತ್ತೆ ಹೀಗಾದರೆ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ.